ಹಲಗೆಯ ಕೆಳಗಿನ ಐದು

ಮೂಗು ಎಲ್ಲರ ಮುಖದಲ್ಲೂ ಇರುತ್ತದೆ. ಛೀಯಕ್ಕನ ವಿಷಯದಲ್ಲಿ ಮಾತ್ರ ಮೂಗು ಮೊದಲು ಹುಟ್ಟಿತು, ಅದನ್ನು ಹೊತ್ತು ತಿರುಗಲು ಒಂದು ಆಳು ಬೇಕಲ್ಲ ಎಂದು ಹೆಂಗಸು ಆಮೇಲೆ ಹುಟ್ಟಿದಳು ಎಂದು ಆಸ್ಪತ್ರೆಯ ಮಂದಿ ಆಡಿಕೊಳ್ಳುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಮಾತಿಗೆ ಮುಂಚೆ ಒಂದು ಛೀ, ಮಾತಿನ ನಡುವೆ ಒಂದು ಛೀ, ಮುಗಿದ ಮೇಲೆ ಬಾಯಿ ಮುಕ್ಕಳಿಸಿದ ಹಾಗೆ ಇನ್ನೊಂದು. ಉದುರಿಸಿ ಉದುರಿಸಿ ಕೊನೆಗೆ ಅದೇ ಅವಳ ಹೆಸರಾಗಿ ನಿಂತಿತು.

ಅವಳಿಗೆ ಏನು ಹೇಸಿಗೆ ಎಂದು ಕೇಳಬಾರದು, ಏನು ಹೇಸಿಗೆಯಲ್ಲ ಎಂದು ಕೇಳಬೇಕು. ಬಾಗಿಲ ಚಿಲಕವನ್ನು ಮೊಣಕೈಯಲ್ಲಿ ತೆಗೆಯುವಳು. ಕೈ ತೊಳೆಯುವ ಮುಂಚೆ ನಲ್ಲಿಯನ್ನೇ ತೊಳೆಯುವಳು. ನೆಂಟರ ಮನೆಗೆ ಹೋದರೆ ಕೈಚೀಲದಲ್ಲಿ ತನ್ನದೇ ಲೋಟ. ಅವಳ ಗಂಡ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು, ತಣ್ಣನೆಯ ಮನುಷ್ಯ. ಅವನು ಬೆಳಗ್ಗೆ ಚಹಾದಲ್ಲಿ ಬ್ರೆಡ್ಡು ಅದ್ದಿ, ಮೆತ್ತಗಾಗಿ ಕಳಚಿ ಬಿದ್ದ ಚೂರನ್ನು ಬೆರಳಲ್ಲಿ ಎತ್ತಿ ಬಾಯಿಗಿಟ್ಟರೆ ಅವಳಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬರುತ್ತಿತ್ತು.

"ರೀ, ಅದು ಚಹಾನೋ ಕಲಗಚ್ಚೋ?"

"ನನ್ನ ಬ್ರೆಡ್ಡು, ನನ್ನ ಚಹಾ, ನನ್ನ ಬೆರಳು. ನಿನಗೇನೇ ನಷ್ಟ?"

"ನೋಡೋ ಕಣ್ಣು ನಂದಲ್ವಾ? ಛೀ!"

ಇಂಥವಳು ಮಾಡುತ್ತಿದ್ದ ಕೆಲಸವಾದರೂ ಎಂಥದ್ದು? ಇಡೀ ಆಸ್ಪತ್ರೆಯ ಹೊಲಸು ಬಟ್ಟೆ ಒಗೆಯುವುದು. ರಕ್ತ, ಕೀವು, ವಾಂತಿ, ಹೆರಿಗೆಯ ಹಾಸಿಗೆ, ಸತ್ತವರ ಹೊದಿಕೆ, ಎಲ್ಲವೂ ಕೊನೆಗೆ ಬಂದು ಬೀಳುವುದು ಅವಳ ಮುಂದೆ. ಹೇಗಮ್ಮಾ ಮಾಡ್ತೀಯ ಎಂದರೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು. "ಹೇಸಿಗೆ ಇರೋಳೇ ಒಗೀಬೇಕು. ಹೇಸಿಗೆ ಇಲ್ದೋಳು ಒಗೆದ್ರೆ ಅದರ ಮೇಲೆ ನೀವು ಮಲಗ್ತೀರಾ?"

ಮಾತು ಸರಿಯೇ. ಆದರೆ ಕತೆ ಇರುವುದು ಇನ್ನು ಮುಂದೆ.

ಲಾಂಡ್ರಿ ಎಂದರೆ ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಉದ್ದನೆಯ ಶೀಟಿನ ಮಾಡು, ಅದಕ್ಕೆ ಅಂಟಿಕೊಂಡ ಎರಡು ಕೋಣೆಯ ಮನೆ. ಮಾಡಿನ ಕೆಳಗೆ ಸಾಲಾಗಿ ಸಿಮೆಂಟಿನ ತೊಟ್ಟಿಗಳು. ಮೊದಲನೆಯದು ನೆನೆಹಾಕಲು, ನಡುವಿನದು ಸೋಪಿನ ನೀರಿಗೆ, ಕೊನೆಯದು ಜಾಲಾಡಲು. ಈ ಜಾಲಾಡುವ ತೊಟ್ಟಿ ಬಾಕಿ ಎರಡಕ್ಕಿಂತ ಆಳ. ಅದನ್ನು ಕಟ್ಟಿಸಿದವಳು ಛೀಯಕ್ಕನ ಅತ್ತೆ, ಅಂದರೆ ಇಸ್ತ್ರಿಯವನ ತಾಯಿ. ಆಸ್ಪತ್ರೆ ಶುರುವಾದಾಗಿನಿಂದ ಲಾಂಡ್ರಿ ನಡೆಸಿದವಳು. ಸೊಸೆಗೆ ಕೆಲಸ ಕಲಿಸಿದವಳೂ ಅವಳೇ. ಹೋಗಿ ಎಷ್ಟೋ ಕಾಲವಾದರೂ ಅವಳ ಮಾತು ಮಾತ್ರ ತೊಟ್ಟಿಯ ಕಟ್ಟೆಯ ಮೇಲೆ ಇನ್ನೂ ಕೂತೇ ಇತ್ತು.

"ಜಾಲಾಡೋ ತೊಟ್ಟಿ ಬರಿದು ಮಾಡಬಾರದು. ಅದು ಬರಿದಾದ ದಿನ ಆಪರೇಷನ್ ಕೋಣೇಲಿ ಬಟ್ಟೆ ಇಲ್ದೆ ಮನುಷ್ಯ ಸಾಯ್ತಾನೆ."

ಅತ್ತೆಯ ಕಾಲಕ್ಕೆ ಅದು ಸುಳ್ಳಲ್ಲ. ಆಗ ನಲ್ಲಿಯಲ್ಲಿ ನೀರು ಬಂದರೆ ಬಂತು, ಹೋದರೆ ಹೋಯಿತು. ಆದ್ದರಿಂದ ಅವಳು ತೊಟ್ಟಿಯ ತೂಬನ್ನು ತಳದಲ್ಲಿ ಇಡಿಸದೆ, ತಳದಿಂದ ಒಂದು ಗೇಣು ಮೇಲೆ ಇಡಿಸಿದ್ದಳು. ಯಾರಾದರೂ ಮರೆತು ಬಿರಡೆ ಕಿತ್ತರೂ ಕೆಳಗೆ ಆಪತ್ತಿಗೆ ಅಷ್ಟು ನೀರು ಉಳಿಯಲಿ ಎಂದು. ಬಟ್ಟೆ ತಳಕ್ಕೆ ಹೋಗಿ ಸಿಕ್ಕಿಕೊಳ್ಳದಂತೆ ತೂಬಿನ ಮಟ್ಟಕ್ಕೆ ಸಂದು ಬಿಟ್ಟು ಜೋಡಿಸಿದ ಒಂದು ಮರದ ಹಲಗೆ. ದಿನಾ ಸಂಜೆ ಬಿರಡೆ ಕೀಳುವುದು, ನೀರು ಹಲಗೆಯವರೆಗೆ ಇಳಿಯುವುದು, ಬೆಳಗ್ಗೆ ಹೊಸ ನೀರು ತುಂಬುವುದು. ಈಗ ನಲ್ಲಿ ಹಗಲೂ ರಾತ್ರಿ ಸುರಿಯುತ್ತದೆ. ಆದರೂ ಪದ್ಧತಿ ಪದ್ಧತಿಯೇ. ಹಲಗೆಯ ಮೇಲೆ ಕನ್ನಡಿಯಂಥ ನೀರು. ಅದರ ಕೆಳಗೇನಿದೆ ಎಂದು ಬಗ್ಗಿ ನೋಡಲು ಯಾರಿಗೆ ಪುರುಸೊತ್ತು?

ಆ ವರ್ಷ ಬೇಸಿಗೆಯಲ್ಲಿ ವಾರ್ಡುಗಳಿಂದ ದೂರು ಬರತೊಡಗಿತು. ಹಾಸಿಗೆ ಬಟ್ಟೆ ನಾರುತ್ತಿದೆ ಎಂದು.

ಛೀಯಕ್ಕ ಮಡಿಸಿಟ್ಟ ಬಟ್ಟೆಯ ರಾಶಿಗೆ ಮೂಗು ತೂರಿಸಿ ನೋಡಿದಳು. ಏನೂ ಇಲ್ಲ. ಇಸ್ತ್ರಿಯ ಬಿಸಿ, ಸೋಪಿನ ವಾಸನೆ, ಬಿಸಿಲಿನ ವಾಸನೆ. "ನಾರೋದು ಬಟ್ಟೆಯಲ್ಲ, ಮೇಲೆ ಮಲಗಿರೋ ಮಂದಿ. ಸ್ನಾನ ಮಾಡಿ ಅನ್ನಿ ಅವರಿಗೆ. ಛೀ!" ಎಂದು ಹೇಳಿ ಕಳಿಸಿದಳು. ಅವಳ ಕೈಕೆಳಗೆ ಹಿಂಡುವ ಕೆಲಸ ಮಾಡುತ್ತಿದ್ದ ಕುಳ್ಳಿಗೆ ನಾಲಿಗೆ ಉದ್ದ. ಅವಳು ಗೊಣಗಿದಳು, "ಅಕ್ಕ, ಎಲ್ಲಾ ವಾರ್ಡಿನೋರೂ ಒಟ್ಟಿಗೇ ಸ್ನಾನ ಬಿಟ್ರಾ?"

"ನೀನು ಹಿಂಡೇ ತಾಯಿ, ಮಾತು ಹಿಂಡಬೇಡ."

ದೂರು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ದೊಡ್ಡ ಸಿಸ್ಟರ್ ತಾವೇ ಲಾಂಡ್ರಿಗೆ ಬಂದರು. ಆಸ್ಪತ್ರೆಯ ನರ್ಸುಗಳಿಗೆಲ್ಲ ಹಿರಿಯರು. ನಕ್ಕದ್ದನ್ನು ಕಂಡವರಿಲ್ಲ.

"ಬಾ ನನ್ನ ಜೊತೆ."

"ಎಲ್ಲಿಗೆ ಸಿಸ್ಟರ್?"

"ಮಲಗೋಕೆ."

ಗಂಡಸರ ವಾರ್ಡಿನ ಕಿಟಕಿಯ ಪಕ್ಕದ ಮಂಚ ಖಾಲಿ ಇತ್ತು. ಛೀಯಕ್ಕನ ಕೈಯಿಂದಲೇ ಒಗೆದು, ಅವಳ ಗಂಡನ ಕೈಯಿಂದಲೇ ಇಸ್ತ್ರಿಯಾದ ಬಿಳಿ ಬಟ್ಟೆಯನ್ನು ಸಿಸ್ಟರ್ ಅವಳ ಎದುರೇ ಹಾಸಿದರು. ಆಸ್ಪತ್ರೆಯ ಮಂಚಕ್ಕೆ ಬೆರಳು ತಾಗಿದರೆ ಬೆರಳನ್ನೇ ನೆನೆಹಾಕುವ ಹೆಂಗಸು ಅವಳು. ಮನೆಯ ಬಟ್ಟೆಯನ್ನೂ ಲಾಂಡ್ರಿಯ ತೊಟ್ಟಿಗೆ ಹಾಕದೆ ಬೇರೆ ಬಕೆಟ್ಟಿನಲ್ಲಿ ಒಗೆದುಕೊಳ್ಳುತ್ತಿದ್ದವಳು. ತಾನು ಒಗೆದ ಬಟ್ಟೆಯ ಮೇಲೆ ತಾನು ಎಂದೂ ಮಲಗಿದವಳಲ್ಲ.

"ಸಿಸ್ಟರ್, ಇಲ್ಲಿ ಯಾರ್ಯಾರು ಮಲಗಿದ್ರೋ..."

"ಒಗೆದೋಳು ನೀನೇ ತಾನೇ? ಮಲಗು. ನಾನು ಹೇಳೋವರೆಗೂ ಏಳಬೇಡ."

ಫ್ಯಾನು ನಿಲ್ಲಿಸಿ ಹೋದರು. ಬಿಸಿಲು ಕಿಟಕಿಯಿಂದ ನೇರ ಮೈಮೇಲೆ ಬೀಳುತ್ತಿತ್ತು. ಛೀಯಕ್ಕ ಹಲ್ಲಿಯ ಮೇಲೆ ಮಲಗಿದವಳ ಹಾಗೆ ಮೈ ಬಿಗಿ ಹಿಡಿದು ಮಲಗಿದಳು. ಮೊದಲು ಏನೂ ಇಲ್ಲ. ಆಮೇಲೆ ಕತ್ತಿನ ಹಿಂದೆ ಬೆವರೊಡೆಯಿತು, ಬೆನ್ನು ಒದ್ದೆಯಾಯಿತು. ಒದ್ದೆಯಾದದ್ದೇ ತಡ, ಬಟ್ಟೆಯೊಳಗೆ ಮಲಗಿದ್ದ ಏನೋ ಒಂದು ಕಣ್ಣು ಬಿಟ್ಟಿತು. ಮೆಲ್ಲಗೆ ಎದ್ದು ಬಂತು. ಹಳಸಿದ ಗಂಜಿಯಲ್ಲಿ ನೆನೆದ ನಾಯಿಯನ್ನು ಅದ್ದಿ ಒಲೆಯ ಪಕ್ಕ ಒಣಗಲು ಬಿಟ್ಟರೆ ಹೇಗಿರುತ್ತದೋ ಹಾಗೆ. ಅದರ ಕೆಳಗೆ ಇನ್ನೊಂದು ವಾಸನೆ, ಸಿಹಿಯಾದದ್ದು, ಹಳೆಯ ಗಾಯದ್ದು. ಮಗ್ಗುಲಾದರೆ ಮಗ್ಗುಲಿಂದ ಬಂತು. ಮೂಗು ಮುಚ್ಚಿದರೆ ಮೂಗು ಮುಚ್ಚಿದ ಕೈಯಿಂದಲೇ ಬಂತು.

ಸಿಸ್ಟರ್ ಹೇಳುವವರೆಗೆ ಕಾಯಲಿಲ್ಲ. ಎದ್ದು ಓಡಿ ಕಿಟಕಿಯಾಚೆಗೆ ಕಾರಿಕೊಂಡಳು.

"ಈಗ ಗೊತ್ತಾಯ್ತಾ?" ದೊಡ್ಡ ಸಿಸ್ಟರ್ ಅವಳಿಗೆ ನೀರು ಕೊಟ್ಟರು. ಲೋಟವನ್ನು ಹಿಂದೆ ಮುಂದೆ ನೋಡದೆ ಕುಡಿದಳೆಂದರೆ ಅವಳ ಸ್ಥಿತಿ ತಿಳಿಯಿರಿ. "ಹೊಲಿಗೆ ಹಾಕಿಸ್ಕೊಂಡೋರು ಇದರ ಮೇಲೆ ಮಲಗ್ತಾರೆ. ಹಸಿಗೂಸು ಮಲಗತ್ತೆ. ಸೋಮವಾರ ಹೊರಗಿನ ಗುತ್ತಿಗೆಯವರ ಗಾಡಿ ಬರತ್ತೆ. ಅಷ್ಟರೊಳಗೆ ಈ ವಾಸನೆ ಹೋದ್ರೆ ಲಾಂಡ್ರಿ ನಿಂದು. ಹೋಗದಿದ್ರೆ ಬಟ್ಟೆ ಅವರಿಗೆ, ಬೀಗ ನನಗೆ."

ಬೀಗ ಎಂದರೆ ಲಾಂಡ್ರಿಗೂ ಬೀಗ, ಅದಕ್ಕೆ ಅಂಟಿಕೊಂಡ ಮನೆಗೂ ಬೀಗ. ಗಂಡ ಹೆಂಡತಿ ಇಬ್ಬರ ಕೆಲಸವೂ ಒಂದೇ ಕೈಯಲ್ಲಿ ಒರೆಸಿ ಹೋಗುವುದು.

ಅಲ್ಲಿಂದ ಶುರುವಾಯಿತು ನೀರಿನ ಹಬ್ಬ. ನೀರು ಸಾಲದೆ ಹೀಗಾಗಿದೆ ಎಂದೇ ಅವಳ ತೀರ್ಮಾನ. ಸಂಜೆಗೊಮ್ಮೆ ಬದಲಾಯಿಸುತ್ತಿದ್ದ ನೀರನ್ನು ಹೊತ್ತಿಗೊಮ್ಮೆ ಬದಲಾಯಿಸಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿ ತೊಟ್ಟಿ ಉಕ್ಕಿ ಹರಿಯುವಂತೆ ಬಿಟ್ಟಳು. ಅಂಗಳ ಕೆಸರುಗದ್ದೆಯಾಯಿತು. ಕುಳ್ಳಿಯ ಕಾಲ್ಬೆರಳ ಸಂದು ಬೆಳ್ಳಗೆ ಕೊಳೆಯಿತು. ಪ್ರತಿಸಲವೂ ಒಂದು ಬಟ್ಟೆ ಒಣಗಿಸಿ, ಮೈಗೆ ಸುತ್ತಿಕೊಂಡು ಇಸ್ತ್ರಿ ಒಲೆಯ ಹತ್ತಿರ ಬೆವರುತ್ತಾ ಕೂರುವಳು. ವಾಸನೆ ಕಡಿಮೆಯಾಗುತ್ತಿತ್ತು, ನಿಜ. ನಿನ್ನೆಗಿಂತ ಇವತ್ತು ಕಡಿಮೆ. ಆದರೆ ಇತ್ತು. ಕೊನೆಯಲ್ಲಿ ಕೊಸರಿನ ಹಾಗೆ ಅಷ್ಟು ಉಳಿದೇ ಇರುತ್ತಿತ್ತು.

"ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಬಿಡೇ," ಎಂದ ಗಂಡ.

"ಇನ್ನೂ ನೀರು ಬಿಡಬೇಕು. ಬಿಟ್ರೆ ಹೋಗೇ ಹೋಗತ್ತೆ. ನೀರಿಗಿಂತ ದೊಡ್ಡದು ಯಾವುದಿದೆ?"

ಶನಿವಾರ ಸಂಜೆ ಅವಳು ಮನೆಯ ಮುಂದಿನ ಕೋಣೆಯ ಬಾಗಿಲಲ್ಲಿ ನೆಲ ಒರೆಸುತ್ತಿದ್ದಳು. ಆ ಕೋಣೆಯಲ್ಲಿ ಅವಳ ನಾದಿನಿ, ಗಂಡನ ತಂಗಿ, ಟ್ಯೂಷನ್ ಹೇಳುತ್ತಿದ್ದಳು. ಶಾಲೆಯಲ್ಲಿ ಲೆಕ್ಕದ ಟೀಚರು. ಪಕ್ಕದ ಬೀದಿಯಲ್ಲಿ ಮನೆಯಿದ್ದರೂ ತಾಯಿ ಬಾಳಿದ ಮನೆಯೆಂದು ಪಾಠಕ್ಕೆ ಇಲ್ಲಿಗೇ ಬರುವಳು. ಅತ್ತಿಗೆ ನಾದಿನಿಯರ ನಡುವೆ ಪ್ರೀತಿಯಿತ್ತು, ಆದರೆ ಒಲೆಯ ಮೇಲಿನ ಹಾಲಿನ ಹಾಗೆ, ಕಣ್ಣಿಟ್ಟಿರಬೇಕು.

ಗೋಡೆಯ ಕಪ್ಪು ಹಲಗೆಯ ಮೇಲೆ ಒಂದು ಗೆರೆ. ಗೆರೆಯ ಮೇಲೆ ಎಕ್ಸ್. ಕೆಳಗೆ ಎಕ್ಸ್ ಪ್ಲಸ್ ಐದು.

"ಈ ಭಿನ್ನರಾಶಿ ಯಾವ ಬೆಲೆಗೆ ಎಂದೆಂದಿಗೂ ಸಮ ಆಗಲ್ಲ?" ನಾದಿನಿ ಕೇಳಿದಳು.

ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಮೈನಸ್ ಐದು ಟೀಚರ್. ಹಾಕಿದ್ರೆ ಕೆಳಗೆ ಸೊನ್ನೆ ಬರತ್ತೆ."

"ಅದು ಎಕ್ಸ್‌ಗೆ ಹಾಕಿದ ಬೇಲಿ ಕಣೇ. ಎಕ್ಸ್ ಎಲ್ಲಿಗೆ ಹೋಗಬಾರದು ಅಂತ ನಾನು ಕೇಳಿಲ್ಲ. ಎಕ್ಸ್ ಹೋಗೋ ಕಡೆಯೆಲ್ಲಾ ಹೋಗಿ ಬರಲಿ, ಆದ್ರೂ ಇಡೀ ಭಿನ್ನರಾಶಿ ಯಾವ ಬೆಲೆ ಮುಟ್ಟೋಕಾಗಲ್ಲ? ಹಾಕಿ ನೋಡು."

ಹುಡುಗಿ ಹಾಕಿದಳು. ಎಕ್ಸ್ ಐದಾದರೆ ಅರ್ಧ. ತೊಂಬತ್ತೈದಾದರೆ ನೂರರಲ್ಲಿ ತೊಂಬತ್ತೈದು. ಒಂಬೈನೂರ ತೊಂಬತ್ತೈದಾದರೆ ಸಾವಿರದಲ್ಲಿ ಅಷ್ಟು. "ಒಂದರ ಹತ್ತಿರ ಹತ್ತಿರ ಹೋಗ್ತಿದೆ ಟೀಚರ್."

"ಮುಟ್ಟತ್ತಾ?"

"ಇನ್ನೂ ದೊಡ್ಡದು ಹಾಕಿದ್ರೆ..."

"ಮುಟ್ಟೇ ಮುಟ್ಟತ್ತೆ!" ಬಾಗಿಲಲ್ಲಿದ್ದ ಛೀಯಕ್ಕ ಒರೆಸುವ ಬಟ್ಟೆ ಹಿಡಿದೇ ನಡುವೆ ಬಾಯಿ ಹಾಕಿದಳು. "ಹತ್ತಿರ ಬಂದದ್ದು ಮುಟ್ಟದೇ ಎಲ್ಲಿ ಹೋಗತ್ತೆ? ಹಾಕ್ತಾ ಇರಬೇಕು, ಕೈ ಬಿಡಬಾರದು."

ಮಕ್ಕಳು ಕಿಸಕ್ಕೆಂದವು. ನಾದಿನಿ ಸೀಮೆಸುಣ್ಣ ಮೇಲೆತ್ತಿದಳು. "ಸರಿ. ಅತ್ತಿಗೆ ಹೇಳಿದ್ರಲ್ಲ, ಮುಟ್ಟಿತು ಅಂತಲೇ ಇಟ್ಕೊಳ್ಳೋಣ. ಇಡೀದು ಸಮ ಒಂದು. ಕೆಳಗಿನದನ್ನ ಆ ಕಡೆಗೆ ಗುಣಿಸು. ಏನಾಯ್ತು?"

"ಎಕ್ಸ್ ಸಮ ಎಕ್ಸ್ ಪ್ಲಸ್ ಐದು."

"ಎರಡೂ ಕಡೆಯಿಂದ ಎಕ್ಸ್ ತೆಗಿ."

"ಸೊನ್ನೆ ಸಮ ಐದು." ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಸೊನ್ನೆ ಐದಾಗೋದು ಸುಳ್ಳು ಅಂದ್ಮೇಲೆ ಒಂದನ್ನ ಮುಟ್ಟಿತು ಅಂದದ್ದೂ ಸುಳ್ಳು. ಎಕ್ಸ್ ಎಷ್ಟೇ ಆಗಲಿ, ಕೋಟಿ ಆಗಲಿ. ಎಕ್ಸ್ ತಾನೇ ಎರಡೂ ಕಡೆಯಿಂದ ಎದ್ದುಹೋಯ್ತು. ಅದರ ದೊಡ್ಡಸ್ತಿಕೆ ಏನೂ ಉಪಯೋಗಕ್ಕೆ ಬರಲಿಲ್ಲ. ಉಳಿದದ್ದು ಐದು ಮಾತ್ರ."

ಇನ್ನೊಬ್ಬ ಮೂಲೆಯಿಂದ ಕೂಗಿದ, "ಟೀಚರ್, ಮೈನಸ್ ಹತ್ತು ಹಾಕಿದೆ, ಎರಡು ಬಂತು! ಒಂದನ್ನ ದಾಟೇಬಿಡ್ತು!"

"ದಾಟಬಹುದು. ಎರಡಾಗಬಹುದು, ಅರ್ಧ ಆಗಬಹುದು. ಒಂದರ ಮೇಲೆ ಕಾಲಿಡೋಕಾಗಲ್ಲ. ಮೇಲೆ ಮೂರು ಎಕ್ಸ್ ಬರೆದ್ರೆ ಹಾಗೇ ಮೂರನ್ನ ಮುಟ್ಟಲ್ಲ. ಮಾಡಿ ನೋಡಿ."

ಛೀಯಕ್ಕನಿಗೆ ಮೈನಸ್ಸು ಬೇಕಿರಲಿಲ್ಲ. ಮೈನಸ್ ನೀರನ್ನು ಯಾವ ನಲ್ಲಿಯೂ ಬಿಡುವುದಿಲ್ಲ. ಅವಳು ಗೆರೆಯ ಕೆಳಗಿನ ಐದನ್ನೇ ನೋಡುತ್ತಾ ನಿಂತಿದ್ದಳು. ಒರೆಸುವ ಬಟ್ಟೆಯಿಂದ ಅವಳದೇ ಪಾದದ ಮೇಲೆ ಕೊಳೆನೀರು ತೊಟ್ಟಿಕ್ಕುತ್ತಿತ್ತು, ಅದರ ಗ್ಯಾನವೂ ಇರಲಿಲ್ಲ.

"ಆ ಐದು ಎಲ್ಲಿಂದ ಬಂತು?"

"ಎಲ್ಲಿಂದಲೂ ಬರಲಿಲ್ಲ ಅತ್ತಿಗೆ. ನಾವು ಎಕ್ಸ್ ಹಾಕೋಕೆ ಮುಂಚೆಯಿಂದ ಅಲ್ಲೇ ಕೂತಿದೆ."

"ಅದನ್ನ ತೆಗೆದ್ರೆ?"

"ತೆಗೆದ್ರೆ ಮೇಲೂ ಎಕ್ಸ್, ಕೆಳಗೂ ಎಕ್ಸ್. ಆಗ ಒಂದು ಲೋಟ ಹಾಕಿ, ಒಂದು ಕೆರೆ ಹಾಕಿ, ಎರಡಕ್ಕೂ ಒಂದೇ. ಏನೂ ಹಾಕದೇ ಕೂತ್ರೆ ಮಾತ್ರ ನನ್ನ ಕೇಳಬೇಡಿ."

ಲೋಟ ಕೆರೆ ಎಂದು ಅವಳು ಅಂದದ್ದು ಬಾಯಿಗೆ ಬಂದದ್ದನ್ನು. ಆದರೆ ಆ ಮಾತು ಛೀಯಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಆ ಸಂಜೆ ಅವಳು ಛೀ ಎನ್ನಲಿಲ್ಲ. ಗಂಡ ಬೇಕೆಂದೇ ಬ್ರೆಡ್ಡನ್ನು ಚಹಾದಲ್ಲಿ ಮುಳುಗಿಸಿ, ಬೆರಳಲ್ಲಿ ತಡಕಿ, ಚಪ್ಪರಿಸಿದ. ಊಹೂಂ. "ಜ್ವರ ಗಿರ ಬಂತೇನೇ?" ಎಂದು ಹಣೆ ಮುಟ್ಟಲು ಬಂದ. ಚಹಾದ ಬೆರಳು. ಆಗಲೂ ಇಲ್ಲ.

ಮಕ್ಕಳೆಲ್ಲ ಹೋದ ಮೇಲೆ ನಾದಿನಿಯನ್ನು ಹಿಡಿದು ನಿಲ್ಲಿಸಿದಳು.

"ನಾಳೆ ಬೆಳಗ್ಗೆ ಬಾ. ತೊಟ್ಟಿ ಬರಿದು ಮಾಡಬೇಕು. ಹಲಗೆ ಎತ್ತಬೇಕು."

ನಾದಿನಿಯ ಮುಖ ಕೆಂಪಾಯಿತು. "ಜಾಲಾಡೋ ತೊಟ್ಟಿನಾ? ಅಮ್ಮ ಎಷ್ಟು ಸಲ ಹೇಳಿದ್ಲು, ಬರಿದು ಮಾಡಬೇಡಿ ಅಂತ. ಸಾಯೋ ಹೊತ್ತಲ್ಲೂ ಅದನ್ನೇ ಅಂದ್ಲು."

"ವಾಸನೆ ಅದರ ಕೆಳಗಿಂದಾನೇ ಬರ್ತಿರೋದು."

"ನಮ್ಮಮ್ಮನ ತೊಟ್ಟಿನ ಗಬ್ಬು ಅಂತೀರಾ? ಅಮ್ಮನಷ್ಟು ಚೊಕ್ಕ ಹೆಂಗಸು ಈ ಬೀದೀಲಿ ಇದ್ಲಾ?"

"ನಿನ್ನ ಕೈಯಲ್ಲೇ ಬೋರ್ಡ್ ಮೇಲೆ ಬರೆದೆಯಲ್ಲೇ. ಮೇಲಿನದೂ ಕೆಳಗಿನದೂ ಎಷ್ಟೇ ದೊಡ್ಡದಾಗಲಿ, ಐದು ಏಳಲ್ಲ ಅಂದೆ. ಮಕ್ಕಳಿಗೆ ಹೇಳೋಕೆ ಒಂದು ಲೆಕ್ಕ, ಅಮ್ಮನ ತೊಟ್ಟಿಗೆ ಒಂದು ಲೆಕ್ಕಾನಾ?"

"ತೊಟ್ಟಿ ಬೇರೆ, ಲೆಕ್ಕ ಬೇರೆ!"

"ಹಾಗಾದ್ರೆ ಬಂದು ನೋಡು. ಕೆಳಗೆ ಏನೂ ಇಲ್ದಿದ್ರೆ ನಿನ್ನ ಕಾಲಿಗೆ ಬೀಳ್ತೀನಿ."

ನಾದಿನಿ ಚಪ್ಪಲಿ ಮೆಟ್ಟಿಕೊಂಡು ಹೋದಳು. ಆದರೆ ಭಾನುವಾರ ಬೆಳಕು ಹರಿಯುವಾಗ ಲಾಂಡ್ರಿಯ ಬಾಗಿಲಲ್ಲಿ ಹಳೆಯ ಬಟ್ಟೆಯುಟ್ಟು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದವಳು ಅವಳೇ. ಗಬ್ಬೇ ಇಲ್ಲ ಎಂದವಳು ಮೂಗು ಕಟ್ಟಿಕೊಂಡು ಯಾಕೆ ಬಂದಳು ಎಂದು ಕುಳ್ಳಿ ಕೇಳಹೊರಟಳು. ಛೀಯಕ್ಕ ಅವಳನ್ನು ಚಿವುಟಿದಳು.

ಬಿರಡೆ ಕಿತ್ತರು. ನೀರು ಹಲಗೆಯ ಮಟ್ಟಕ್ಕೆ ಇಳಿದು ನಿಂತಿತು. ಗಂಡ ಕಬ್ಬಿಣದ ಸಲಾಕೆ ತೂರಿಸಿ ಮೀಟಿದ. ಎಷ್ಟು ಕಾಲದಿಂದ ಅಲ್ಲಾಡದ ಹಲಗೆಯೋ, ಮೊದಲು ಬರಲಿಲ್ಲ. ಆಮೇಲೆ ಬಂತು. ಚಪ್ಪರಿಸುವ ಬಾಯಿಯಂಥ ಸದ್ದು ಮಾಡುತ್ತಾ ಬಂತು.

ಹೇಗೆ ಹೇಳುವುದು? ಹಲಗೆಯ ಅಡಿಗೆ ಬೂದು ಬಣ್ಣದ ಲೋಳೆ ಗಡ್ಡದ ಹಾಗೆ ಜೋತಾಡುತ್ತಿತ್ತು. ತೊಟ್ಟಿಯ ತಳದಲ್ಲಿ ನೀರೇ ಇರಲಿಲ್ಲ, ನೀರಿನ ಹೆಣವಿತ್ತು. ಗಂಜಿಯ ಗಸಿ, ಸೋಪಿನ ಜಿಡ್ಡು, ಅದರೊಳಗೆ ಕೂದಲಿನ ಉಂಡೆಗಳು, ಗಾಯಕ್ಕೆ ಕಟ್ಟಿದ ಬಟ್ಟೆಯ ಚೂರುಗಳು, ಕಪ್ಪಗೆ ಗಟ್ಟಿಯಾದದ್ದು, ಹಸಿರಾಗಿ ಮೆತ್ತಗಾದದ್ದು. ಸಲಾಕೆ ತಾಗಿದ ಕಡೆ ಗುಳ್ಳೆಯೊಂದು ನಿಧಾನವಾಗಿ ಮೇಲೆದ್ದು, ಉಬ್ಬಿ, ಯೋಚಿಸಿ, ಒಡೆಯಿತು. ಮಂಚದ ಮೇಲೆ ಕಣ್ಣುಬಿಟ್ಟಿದ್ದು ಇದರ ಮರಿ. ತಾಯಿ ಇಲ್ಲಿತ್ತು. ಗುಳ್ಳೆಯೊಳಗೆ ಬಾಲದಂಥದ್ದೇನೋ ಹೊರಳಿತು, ಹುಳವೋ ದಾರವೋ ನೋಡಲು ಯಾರೂ ಬಗ್ಗಲಿಲ್ಲ.

ಕುಳ್ಳಿ ಅಂಗಳಕ್ಕೆ ಓಡಿದಳು. ಗಂಡ ಸಲಾಕೆ ಹಿಡಿದೇ ಕಲ್ಲಾಗಿದ್ದ. ಅವನಿಗೆ ಬ್ರೆಡ್ಡು ನೆನಪಾಗಿರಬೇಕು, ಗಂಟಲು ಹಿಡಿದು ಗೋಡೆಗೆ ತಿರುಗಿದ.

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿ ನೊಣ ಹುಡುಕಿದ ಹಾಗೆ," ಎಂದಳು ಛೀಯಕ್ಕ ಯಾರಿಗೂ ಅಲ್ಲದ ಹಾಗೆ. "ಅದು ನಾನೇ."

ಕೈಗವಸು ಹಾಕಿಕೊಂಡಳು. ಅದು ಮೊಣಕೈಯವರೆಗೂ ಬರುವುದಿಲ್ಲ ಎಂದು ಗೊತ್ತಿದ್ದೂ ಬಗ್ಗಿದಳು. ಮೊದಲ ಬೊಗಸೆ ಎತ್ತಿ ಬಕೆಟ್ಟಿಗೆ ಹಾಕುವಾಗ ಕೈಗವಸಿನ ಬಾಯಿಯೊಳಗೆ ತಣ್ಣಗೆ ಇಳಿಯಿತು. ಅವಳಿಂದ ಬಂದ ಸದ್ದು ಛೀ ಅಲ್ಲ. ಅದಕ್ಕೆ ಇನ್ನೂ ಯಾರೂ ಅಕ್ಷರ ಮಾಡಿಲ್ಲ. ನಾದಿನಿ ಕಟ್ಟೆಯ ಮೇಲೆ ನಿಂತು ನೋಡಿದಳು. ಆಮೇಲೆ ತೋಳು ಮಡಿಸಿ ಇಳಿದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಅತ್ತಿಗೆ."

"ಮೊಸರಿನ ಮಾತೆತ್ತಬೇಡ್ವೇ, ನಿನ್ನ ದಮ್ಮಯ್ಯ!"

ಹೊತ್ತು ಏರಿತು. ಬಕೆಟ್ಟುಗಳು ಹಿಂದಿನ ಗುಂಡಿಗೆ ಹೋಗಿ ಬರುತ್ತಿದ್ದವು. ನಾದಿನಿಯ ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಅಂಗಿಯ ಗುಂಡಿಗಳು ಬೇಕಾದಷ್ಟು ಸಿಕ್ಕಿದ್ದವು, ಹಾಗೇ ಇರಬಹುದೆಂದು ಎತ್ತಿ ನೀರಿನಲ್ಲಿ ಅಲುಗಿಸಿದಳು. ಹಲ್ಲುಗಳು. ಗುಲಾಬಿ ಒಸಡಿನ ಮೇಲೆ ಸಾಲಾಗಿ ಕೂತ ಹಲ್ಲುಗಳು, ಪಾಚಿ ಮೆತ್ತಿಕೊಂಡು ಅವಳ ಅಂಗೈಯಲ್ಲಿ ನಗುತ್ತಿದ್ದವು.

"ಅಮ್ಮನ ಸೆಟ್ಟು!"

ಅತ್ತೆಯ ಹಲ್ಲಿನ ಸೆಟ್ಟು ಕಳೆದದ್ದು ಮನೆಯಲ್ಲಿ ದೊಡ್ಡ ರಾಮಾಯಣವಾಗಿತ್ತು. ಕಾಗೆ ಕಚ್ಚಿಕೊಂಡು ಹೋಯಿತು ಎಂದಿದ್ದಳು ಮುದುಕಿ. ಯಾವ ಕಾಗೆ, ಯಾವ ಮರ ಎಂದೂ ಹೇಳಿದ್ದಳು. ಹೊಸದು ಮಾಡಿಸೋಣ ಎಂದರೆ ಒಪ್ಪದೆ, ಕೊನೆಯವರೆಗೂ ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದೇ ದಿನ ಕಳೆದಳು. ಮಗನಿಗೆ ಆ ಚಟ ಬಂದದ್ದೇ ಅಲ್ಲಿಂದ.

"ಕಾಗೆಯಂತೆ, ಕಾಗೆ!" ನಾದಿನಿ ನಗಲು ಹೋದಳು, ನಗು ಅರ್ಧದಲ್ಲಿ ಒಡೆಯಿತು. "ಇಲ್ಲಿ ಬಿದ್ದದ್ದು ಅವಳಿಗೆ ಗೊತ್ತಿತ್ತು ಅತ್ತಿಗೆ. ಹಲಗೆ ಎತ್ತಿದ್ರೆ ಸಿಗ್ತಿತ್ತು. ಎತ್ತಲಿಲ್ಲ."

"ಎತ್ತಿದ್ರೆ ತೊಟ್ಟಿ ಬರಿದಾಗ್ತಿತ್ತಲ್ಲ. ಆಪರೇಷನ್ ಕೋಣೆಗೆ ಬಟ್ಟೆ ಇರ್ತಿರಲಿಲ್ಲ." ಛೀಯಕ್ಕ ಸೊಂಟ ನೆಟ್ಟಗೆ ಮಾಡಿದಳು. "ಅವರ ಹಠಕ್ಕೆ ಅವರ ಹಲ್ಲು ಕೊಟ್ರು. ನಾನು ಹಲಗೆ ಎತ್ತದೆ ಯಾರ್ಯಾರದೋ ಗಾಯ ಕೊಟ್ಟೆ. ನೀರು ಬಂದು ಎಷ್ಟು ಕಾಲ ಆಯ್ತು! ಅದನ್ನ ಆ ಕಡೆ ಇಡು, ಕುದಿಸಿ ತೊಳಿಯೋಣ."

"ಕುದಿಸಿ ಏನು ಮಾಡ್ತೀರಾ?"

"ನಿನಗೆ ಬೇಡ್ವಾ ಅಮ್ಮನದು?"

"ಛೀ!" ಎಂದಳು ನಾದಿನಿ. ಆ ಹೊತ್ತಿನಲ್ಲಿ ಇಬ್ಬರೂ ಪಾದ ಮುಳುಗುವ ರೊಚ್ಚಿನಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕರು.

ತೊಟ್ಟಿಯ ತಳ ಕಂಡಿತು. ಸಿಮೆಂಟು ಬೆಳ್ಳಗಿತ್ತು ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರು, ಸುಣ್ಣದ ನೀರು ಹಾಕಿ ಉಜ್ಜಿದರು. ಗಂಡ ಹಳೆಯ ತೂಬನ್ನು ಮುಚ್ಚಿ, ಉಳಿ ಸುತ್ತಿಗೆ ಹಿಡಿದು ತಳಕ್ಕೆ ಸರಿಯಾಗಿ ಹೊಸ ತೂಬು ಕೊರೆದ. ಹಲಗೆಯನ್ನು ಒಡೆದು ಸುಟ್ಟರು. ಅದು ಉರಿಯುವಾಗಲೂ ಅದೇ ವಾಸನೆ, ಸಾಯುವಾಗಲೂ ಬೈದುಕೊಂಡು ಸತ್ತ ಹಾಗೆ. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಕೋಣೆಯಿಂದ ಬಟ್ಟೆ ಬೇಕೆಂದು ಕೂಗು ಬಂತು. ಅತ್ತೆ ಹೆದರಿದ್ದ ಗಳಿಗೆ ಅದೇ. ಕುಳ್ಳಿ ನಲ್ಲಿಯ ಕೆಳಗೆ ಬಕೆಟ್ಟುಗಳಲ್ಲೇ ಜಾಲಾಡಿ, ಹಿಂಡಿ, ಇಸ್ತ್ರಿಯಲ್ಲೇ ಒಣಗಿಸಿ ಕಳಿಸಿಬಿಟ್ಟಳು. ಯಾರೂ ಸಾಯಲಿಲ್ಲ.

ಆಮೇಲೆ ತೊಟ್ಟಿಗೆ ನೀರು ಬಿಟ್ಟರು. ಛೀಯಕ್ಕ ಉಕ್ಕಿಸಲಿಲ್ಲ. ಬಟ್ಟೆ ಮುಳುಗುವಷ್ಟು ತುಂಬಿದ ಕೂಡಲೇ ನಲ್ಲಿ ತಿರುಗಿಸಿದಳು. "ಸಾಕು. ಲೋಟವಾದ್ರೂ ಒಂದೇ, ಕೆರೆಯಾದ್ರೂ ಒಂದೇ."

ಸೋಮವಾರ ಬೆಳಗ್ಗೆ ಗುತ್ತಿಗೆಯವರ ಗಾಡಿ ಗೇಟಿನ ಹೊರಗೆ ಬಂದು ನಿಂತಿತು. ಛೀಯಕ್ಕ ಒಂದು ಬಟ್ಟೆಯನ್ನೂ ದಿಂಬಿನ ಚೀಲವನ್ನೂ ಕಂಕುಳಲ್ಲಿಟ್ಟುಕೊಂಡು, ಕರೆಯದೇ ತಾನೇ ಗಂಡಸರ ವಾರ್ಡಿಗೆ ಹೋದಳು. ದೊಡ್ಡ ಸಿಸ್ಟರ್ ಎದುರಾದರು.

"ಫ್ಯಾನು ನಿಲ್ಲಿಸಿ ಸಿಸ್ಟರ್. ಕಿಟಕಿ ತೆರೀರಿ."

"ಗಾಡಿಯವರು ಕಾಯ್ತಿದ್ದಾರೆ."

"ನಾನು ಬೆವರೋವರೆಗೂ ಕಾಯಲಿ."

ಅದೇ ಕಿಟಕಿಯ ಪಕ್ಕದ ಮಂಚ. ಬಟ್ಟೆ ಹಾಸಿ ಮಲಗಿದಳು, ಬೆನ್ನು ಬಿಗಿ ಹಿಡಿದೇ. ಬಿಸಿಲು ಮೇಲೆ ಬಂತು. ಕತ್ತಿನ ಹಿಂದೆ ಬೆವರೊಡೆಯಿತು. ಮೂಗರಳಿಸಿ ಕಾದಳು. ಬೆನ್ನು ಒದ್ದೆಯಾಯಿತು. ಕಾದಳು. ಮಗ್ಗುಲಾಗಿ ಮುಖವನ್ನು ಬಟ್ಟೆಗೆ ಒತ್ತಿ ಉಸಿರೆಳೆದಳು. ಬೆವರಿನ ವಾಸನೆ ಬಂತು, ಅವಳದೇ. ಸೋಪಿನದು ಸ್ವಲ್ಪ ಬಂತು. ಕೆಳಗಿಂದ ಏನಾದರೂ ಎದ್ದೀತೇ ಎಂದು ಇನ್ನೂ ಕಾದಳು. ಹಿಂದಿನ ದಿನವಿಡೀ ಬಕೆಟ್ಟು ಹೊತ್ತ ಭುಜ ನೋಯುತ್ತಿತ್ತು.

ದೊಡ್ಡ ಸಿಸ್ಟರ್ ವಾರ್ಡಿನ ಸುತ್ತು ಮುಗಿಸಿ ಬಂದಾಗ ಮಂಚದ ಮೇಲಿಂದ ಗೊರಕೆ ಕೇಳುತ್ತಿತ್ತು. ಚಿಲಕ ಮುಟ್ಟದ ಹೆಂಗಸು ಆಸ್ಪತ್ರೆಯ ಮಂಚದಲ್ಲಿ ಕೈಕಾಲು ಚೆಲ್ಲಿ ಬಿದ್ದಿದ್ದಳು. ಬಾಯಿ ತೆರೆದಿತ್ತು. ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಹೊಸದಾಗಿ ಒಗೆದ ದಿಂಬಿನ ಚೀಲದ ಮೇಲೆ ಅಂಗೈಯಗಲ ಹರಡಿತ್ತು. ಸಿಸ್ಟರ್ ಬಗ್ಗಿ, ಅವಳ ಕಿವಿಯ ಪಕ್ಕದ ಒದ್ದೆ ಬಟ್ಟೆಯನ್ನು ಮೂಸಿದರು. ಮತ್ತೊಮ್ಮೆ ಮೂಸಿದರು. ನೆಟ್ಟಗಾಗಿ, ಕಿಟಕಿಯಿಂದ ಕೈ ಆಡಿಸಿ ಗಾಡಿಯವರಿಗೆ ಹೋಗಿ ಎಂದು ಸನ್ನೆ ಮಾಡಿದರು.

ಆಮೇಲೆ ಜೊಲ್ಲನ್ನು ನೋಡಿ "ಛೀ!" ಎಂದರು.

ಆ ಶಬ್ದಕ್ಕೆ ಹೆಸರು ಕರೆದಂತಾಗಿ ಛೀಯಕ್ಕ ಧಡಕ್ಕನೆ ಎದ್ದು ಕೂತಳು. ಸಿಸ್ಟರ್ ಬೆರಳು ಮಾಡಿದ ಕಡೆ ನೋಡಿದಳು. ಕೆನ್ನೆಯನ್ನು ತೋಳಿನಿಂದ ಒರೆಸಿಕೊಂಡು, ಬೇರೆಯವರು ಮುಟ್ಟುವ ಮುಂಚೆ ದಿಂಬಿನ ಚೀಲವನ್ನು ಕಳಚಿ, ಎರಡೇ ಬೆರಳಲ್ಲಿ ಮೈಯಿಂದ ದೂರ ಹಿಡಿದು, ನೆನೆಹಾಕಲು ಹೊರಟಳು.